ಎದುರುಬದುರು ಕೂತ ದೋಣಿ

ಲೈಫ್ ಜಾಕೆಟ್ ಕೈಗೆ ಬಂದಾಗ ಅತ್ತೆ ಅದನ್ನು ತೊಡುವುದು ಬಿಟ್ಟು ಒಳಹೊರಗು ಮಾಡಿ ಹೊಲಿಗೆ ನೋಡತೊಡಗಿದರು. ಭುಜದ ಪಟ್ಟಿಯನ್ನು ಜಗ್ಗಿದರು. ಆತುರದಲ್ಲಿ ಹೊಲಿದದ್ದು, ಆದರೂ ತಡೆಯುತ್ತದೆ ಎಂದು ತೀರ್ಪು ಕೊಟ್ಟು ಹಾಕಿಕೊಂಡರು. ದೋಣಿಯವನು ಮುಖ ಆಚೆ ತಿರುಗಿಸಿ ನಕ್ಕ.

ಬೇಸಿಗೆಯಲ್ಲಿ ಅವರ ಹೊಲಿಗೆ ಅಂಗಡಿಗೆ ಕೆಲಸ ಕಡಿಮೆ. ಬಾಗಿಲು ಹಾಕಿ ಬೆಟ್ಟದ ಮೇಲಿನ ಈ ಸರೋವರದ ರೆಸಾರ್ಟಿಗೆ ಹೊರಡಿಸಿದವಳು ಸೊಸೆ. ಅವಳಿಗೊಂದು ಮಾತು ಹೇಳುವುದಿತ್ತು. ದೂರದ ಊರಿನ ತರಬೇತಿ ಶಾಲೆಯೊಂದು ಬಟ್ಟೆ ಕತ್ತರಿಸುವುದನ್ನು ಕಲಿಸಲು ಅವಳನ್ನು ಕರೆದಿತ್ತು; ಅವಳು ಒಪ್ಪಿಕೊಂಡೂ ಆಗಿತ್ತು. ಅವಳ ಗಂಡ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದವರು ಇವರಿಬ್ಬರೇ. ಬಿಟ್ಟು ಹೋಗುತ್ತೇನೆ ಎನ್ನಲು ನಾಲಿಗೆ ಏಳುತ್ತಿರಲಿಲ್ಲ. ಅಂಗಡಿಯಲ್ಲಿ ಕತ್ತರಿಸುವ ಮೇಜಿನ ಆಚೆಗೊಬ್ಬರು, ಈಚೆಗೊಬ್ಬರು, ದಿನವಿಡೀ ಮುಖಕ್ಕೆ ಮುಖ. ಇವಳು ಬಾಯಿ ತೆರೆಯುವ ಮೊದಲೇ ಅತ್ತೆ ಏನಾಯಿತೆಂದು ಕೇಳುತ್ತಿದ್ದರು. ಇವಳು ಏನಿಲ್ಲವೆಂದು ಸೂಜಿಗೆ ದಾರ ಪೋಣಿಸುತ್ತಿದ್ದಳು.

ಆಚೆ ದಡದಲ್ಲೊಂದು ಸಣ್ಣ ಜಲಪಾತ. ತಾವೇ ಹುಟ್ಟು ಹಾಕಿಕೊಂಡು ಅಲ್ಲಿಗೆ ಹೋಗಬೇಕೆಂದು ಹಠ ಹಿಡಿದವರು ಅತ್ತೆ. ಉದ್ದನೆಯ ಹಗುರ ದೋಣಿಗೆ ಇಬ್ಬರೂ ಹತ್ತಿದರು, ಕೈಗೊಂದು ಹುಟ್ಟು ಹಿಡಿದರು, ಅಂಗಡಿಯಲ್ಲಿ ಕೂರುವಂತೆಯೇ ಎದುರುಬದುರು ಕೂತರು. ಬೇರೆ ಥರ ಕೂರಬಹುದೆಂದು ಇಬ್ಬರಿಗೂ ಹೊಳೆಯಲಿಲ್ಲ.

ದೋಣಿ ದಡ ಬಿಟ್ಟಿತು, ಬಿಟ್ಟದ್ದೇ ಗಾಣದೆತ್ತಿನಂತೆ ಸುತ್ತತೊಡಗಿತು. ನೀನು ಉಲ್ಟಾ ಎಳೆಯುತ್ತಿದ್ದೀಯ ಎಂದರು ಅತ್ತೆ. ಉಲ್ಟಾ ನೀವೇ ಎಂದಳು ಸೊಸೆ. ಇಬ್ಬರೂ ತಂತಮ್ಮ ಕಡೆಗೆ ಶಕ್ತಿಮೀರಿ ನೀರೆಳೆಯುತ್ತಿದ್ದರು.

ದೋಣಿಯವನು ದಡದಿಂದ ಕೂಗಿದ. "ಅಮ್ಮಾ, ಹರಟೆಗೆ ಕೂತಿದ್ದೀರೋ, ಹೋಗೋಕೆ ಕೂತಿದ್ದೀರೋ? ಇಬ್ಬರೂ ಒಂದೇ ಕಡೆ ಮುಖ ಮಾಡಿ."

ಸೊಸೆ ಕಾಲು ಮಡಚಿ ಜೋಪಾನವಾಗಿ ತಿರುಗಿ ಕೂತಳು. ದೋಣಿ ನೆಟ್ಟಗೆ ಹೊರಟಿತು. ಈಗ ಅವಳ ಮುಂದೆ ಬರೀ ನೀರು, ಬೆಟ್ಟ, ಬಿಸಿಲು. ಅತ್ತೆಯ ಏದುಸಿರು ಬೆನ್ನ ಹಿಂದೆ ಕೇಳುತ್ತಿತ್ತು. ಅವಳ ಮುಖ ಯಾರಿಗೂ ಕಾಣುತ್ತಿರಲಿಲ್ಲ.

ಸರೋವರದ ನಡುವೆ ಅವಳು ಹೇಳಿಬಿಟ್ಟಳು. "ಅತ್ತೆ, ನನಗೆ ಬೇರೆ ಊರಲ್ಲಿ ಕೆಲಸ ಸಿಕ್ಕಿದೆ. ಮುಂದಿನ ತಿಂಗಳು ಹೋಗ್ತೀನಿ."

ಹಿಂದಿನ ಹುಟ್ಟು ನಿಂತಿತು. ದೋಣಿಯ ಮೂತಿ ಒಂದು ಕಡೆ ತಿರುಗಿತು. ಅವಳು ಹಿಂದೆ ನೋಡಲಿಲ್ಲ.

"ನಡುನೀರಲ್ಲಿ ಹೇಳ್ತೀಯಲ್ಲೇ. ಎದ್ದು ಒಳಗೆ ಹೋಗೋಣ ಅಂದ್ರೂ ಜಾಗ ಇಲ್ಲ."

"ಮೇಜಿನ ಹತ್ರ ಆಗ್ಲಿಲ್ಲ ಅತ್ತೆ."

"ಗೊತ್ತು. ಹೋದ ವಾರವಿಡೀ ಎಲ್ಲಾ ರವಿಕೆಗೂ ಎರಡೂ ಎಡಗೈ ತೋಳೇ ಕತ್ತರಿಸಿಡ್ತಿದ್ದೆ. ಏನೋ ಇದೆ ಅಂದ್ಕೊಂಡೆ."

ಅತ್ತೆಯ ಹುಟ್ಟು ಮತ್ತೆ ನೀರಿಗಿಳಿಯಿತು.

ಜಲಪಾತದ ಕೆಳಗೆ ಅತ್ತೆ ಸೀರೆ ಎತ್ತಿಕಟ್ಟಿ ಮೊಣಕಾಲುದ್ದ ನೀರಿನಲ್ಲಿ ನಿಂತರು. ತಲೆಯನ್ನೂ ಒಡ್ಡಿದರು. ತಣ್ಣಗಿನ ನೀರಿಗೆ ಉಸಿರು ಕಟ್ಟಿ ಬೈದರು, ನಕ್ಕರು, ಮತ್ತೆ ಒಡ್ಡಿದರು. ಸೊಸೆಯನ್ನೂ ಕೈ ಹಿಡಿದು ಎಳೆದುಕೊಂಡರು. ಬಂಡೆಯ ಮೇಲೆ ಬಿಸಿಲಿಗೆ ಕೂತಾಗ ಒಂದೊಂದಾಗಿ ಕೇಳಿದರು: ಕೋಣೆ ಎಂಥದ್ದು, ಅಡುಗೆ ಯಾರದ್ದು, ಅಲ್ಲಿ ಕತ್ತರಿ ಅವರು ಕೊಡುತ್ತಾರೋ ನೀನೇ ಒಯ್ಯಬೇಕೋ. ಸೊಸೆ ಎಲ್ಲಕ್ಕೂ ಉತ್ತರ ಕೊಟ್ಟಳು. ಎಷ್ಟೋ ದಿನಗಳ ಮೇಲೆ ಅವಳಿಗೆ ಹೊಟ್ಟೆ ಹಸಿದಿತ್ತು.

ವಾಪಸು ಹೊರಟಾಗ ಅತ್ತೆ ಕೇಳದೆಯೇ ಹೋಗಿ ಮುಂದೆ ಕೂತರು. ಸೊಸೆಗೆ ಕಂಡದ್ದು ಅವರ ಒದ್ದೆ ಜಡೆ, ಬೆನ್ನು ಮಾತ್ರ.

"ಅಂಗಡಿ ಒಬ್ಬರಿಂದ ಆಗುತ್ತಾ ಅತ್ತೆ?" ಎಂದು ಕೇಳಿದಳು.

ಅತ್ತೆಯ ಹುಟ್ಟು ತಪ್ಪದೆ ಬೀಳುತ್ತಿತ್ತು.

"ಪಕ್ಕದ ಮನೆಯವಳು ಹೊಲಿಗೆ ಕಲಿಸಿ ಅಂತ ನನ್ನ ಬಾಗಿಲು ಸವೆಸಿದ್ದಾಳೆ. ಅವಳನ್ನ ನಿನ್ನ ಜಾಗದಲ್ಲಿ ಕೂರಿಸ್ತೀನಿ. ರಜೆಗೆ ಬಂದಾಗ ನಿನಗೆ ಗುಂಡಿ ಹಚ್ಚೋ ಕೆಲಸ," ಎಂದರು ಅತ್ತೆ. "ಎಳಿಯೇ, ಕೈ ನಿಲ್ಲಿಸ್ಬೇಡ. ನಾನೊಬ್ಬಳೇ ಎಳೀತಿದ್ದೀನಿ."