ರಂಗಕ್ಕ ಹೇಳದ ಸೊಲ್ಲು

ಡಬಡಬ ಡಬಡಬ, ಮುಂದಿನ ಸೀಟಿನವನ ಕಿವಿಯಿಂದ ಸೋರುತ್ತಲೇ ಇದೆ, ಇಯರ್‌ಫೋನ್ ಹಾಕಿಕೊಂಡೂ ಬಸ್ಸಿಗೆಲ್ಲ ಕೇಳಿಸುತ್ತಾನೆ ಪುಣ್ಯಾತ್ಮ, ಅವನ ಹಾಡಿಗೆ ಯಾರೂ ನಗುವುದಿಲ್ಲ — ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ಬಸ್ಸು ಇನ್ನೂ ಹೊರಟಿಲ್ಲ, ಕಿಟಕಿಯ ಗಾಜು ಗಡಗಡ ಅನ್ನುತ್ತಿದೆ, ರಮ್ಯಶ್ರೀ ಫೋನನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಾಳೆ, ಬೆಳಿಗ್ಗೆ ತಾನೇ ಅವಳ ಹೆಸರು ಕಾಲೇಜಿನ ನೋಟಿಸ್ ಬೋರ್ಡಿಗೆ ಬಿದ್ದಿದೆ, ಜಾನಪದ ಗೀತೆ, ಅಂತರ ಕಾಲೇಜು ಸ್ಪರ್ಧೆಗೆ ಆಯ್ಕೆ, ಖುಷಿಪಡಬೇಕು, ಖುಷಿಯಾಗಿಯೇ ಇದ್ದಳು, ಹತ್ತು ನಿಮಿಷದ ಹಿಂದೆ ಅಜ್ಜಿಗೆ ಫೋನು ಮಾಡುವ ತನಕ. ಹಾಸ್ಟೆಲಿನ ಹುಡುಗಿಯರ ಫೋನಿನಲ್ಲಿ ಸಿನಿಮಾ ಹಾಡುಗಳು, ಇವಳದರಲ್ಲಿ ಅಜ್ಜಿ ರಂಗಕ್ಕನ ನಲವತ್ತಮೂರು ಹಳ್ಳಿಯ ಪದಗಳು, ಕಡ್ಲೆಕಾಯಿ ಸುಲಿಯುತ್ತಾ ಹಾಡಿದ್ದನ್ನು ಇವಳೇ ರೆಕಾರ್ಡ್ ಮಾಡಿದ್ದು, ಅರ್ಧ ಕನ್ನಡ, ಅರ್ಧ ತೆಲುಗು, ನಡುವೆ ಕೆಮ್ಮು — ಒಬ್ಬರು ಸಾಲು ಎತ್ತಿ ನಿಲ್ಲಿಸಬೇಕು, ಇನ್ನೊಬ್ಬರು ಅದನ್ನು ಹಿಡಿದು ಸೊಲ್ಲು, ಅಂದರೆ ಮರುಸಾಲು, ಹೇಳಬೇಕು, ಅದು ಪದದ ಕ್ರಮ, ಇವಳು ಸಾಲು ಮುಗಿಸುವಷ್ಟರಲ್ಲಿ ಅಜ್ಜಿಯ ಕೈ ನಿಲ್ಲುತ್ತಿತ್ತು, ಬಾಯಿ ಅರೆ ತೆರೆಯುತ್ತಿತ್ತು, ತಡೆಯಲಾರದೆ ಸೊಲ್ಲು ನುಗ್ಗಿಬರುತ್ತಿತ್ತು, ಆ ಅರೆ ತೆರೆದ ಬಾಯಿ ನೋಡುವುದಕ್ಕೇ ಇವಳು ಹಾಡುತ್ತಿದ್ದಳು.

ಕಾಲೇಜಿನ ಮೊದಲ ದಿನ, ನಮ್ಮವ್ವ ಊವ ಮಾರ್ತಾಳೆ ಸಾರ್, ಅಂದಿದ್ದೇ ತಪ್ಪಾಯಿತು, ಆಶಾರಾಣಿ ಹಿಂದಿನ ಬೆಂಚಿನಿಂದ, ಲೇ, ಇವಳ್ದು ಕನ್ನಡಾನೋ ತೆಲುಗೋ, ಸಬ್‌ಟೈಟಲ್ ಹಾಕ್ರೇ — ಕ್ಲಾಸಿಗೆ ಕ್ಲಾಸೇ ನಕ್ಕಿತು, ಮೇಷ್ಟ್ರೂ ನಕ್ಕರು, ಆಶಾರಾಣಿಯೇನು ಮಹಾ ಪಂಡಿತೆ, ಕೊರಟಗೆರೆಯವಳು, ತುಮಕೂರಿನ ಸೆಮಿನಾರಿನಲ್ಲಿ ಅವಳ ಅಂಗೆ ಇಂಗೆಗೆ ಅಲ್ಲಿಯವರು ನಕ್ಕಾಗ ವಾಪಸು ಬರುವಾಗ ದಾರಿಯುದ್ದಕ್ಕೂ ಅತ್ತಳು, ರಮ್ಯಶ್ರೀ ಅವಳ ಕೈ ಹಿಡಿದುಕೊಂಡಿದ್ದಳು, ಸೋಮವಾರ ಮತ್ತೆ ಅದೇ ಸಬ್‌ಟೈಟಲ್. ಆಮೇಲೆ ಮಾತೇ ಬೇಡ ಅನ್ನಿಸಿತು, ಹಾಸ್ಟೆಲಿನ ಊಟದಲ್ಲಿ ಸಾರು ಬೇಕಾದರೂ ಬೆರಳು ತೋರಿಸುವುದು, ಒಂದೂವರೆ ವರ್ಷ, ಎಷ್ಟು ಒಂಟಿ ಅಂದರೆ ತನ್ನ ದನಿ ತನಗೇ ಹೊಸದು. ಸ್ಪರ್ಧೆಗೆಂದು ಅಜ್ಜಿಯ ಪದವೊಂದನ್ನು ಬರೆದುಕೊಂಡು ಹೋದಾಗ, ಹಾಡಿನ ತಂಡ ನೋಡಿಕೊಳ್ಳುವ ವನಜಾ ಮೇಡಂ ಮಾತ್ರ ನಗಲಿಲ್ಲ, ಬೈಯಲೂ ಇಲ್ಲ, ಬೈದಿದ್ದರೆ ಚೆನ್ನಾಗಿತ್ತು, ಬೆನ್ನು ಸವರಿ, ಬಂಗಾರದ ಕಂಠ ಕಣಮ್ಮ ನಿಂದು, ಉಚ್ಚಾರಣೆ ಒಂದು ತಿದ್ದಿಕೋ, ತೀರ್ಪುಗಾರರ ಮುಂದೆ ನಗೆಪಾಟಲಾಗಬಾರದು ನೋಡು, ಅಂತ ಕೆಂಪು ಪೆನ್ನು ಹಿಡಿದು ತೆಲುಗು ಮಾತೆಲ್ಲ ಹೊಡೆದುಹಾಕಿ, ಹಕಾರಗಳನ್ನೆಲ್ಲ ಕೂರಿಸಿ, ರಾಗವನ್ನೂ ತುಸು ನಿಧಾನ ಮಾಡಿಸಿದರು, ಹದಿನೈದು ದಿನ ನೀರಿನ ಟ್ಯಾಂಕಿನ ಹಿಂದೆ ನಿಂತು ಉರುಹೊಡೆದಳು, ನಿನ್ನೆ ಆಯ್ಕೆಯಲ್ಲಿ ಒಬ್ಬರೂ ನಗಲಿಲ್ಲ, ಆಶಾರಾಣಿಯದೇ ಜೋರು ಚಪ್ಪಾಳೆ, ಅಯ್ಯೋ, ಆ ಚಪ್ಪಾಳೆಗೆ ಎಷ್ಟು ಹಿಗ್ಗಿದಳು, ನೆನೆಸಿಕೊಂಡರೆ ನಾಚಿಕೆ.

ಅಜ್ಜೀ, ಸೆಲೆಕ್ಟ್ ಆಗ್ಬುಟ್ಟೆ, ಯಾವ ಪದ ಅಂತ ಏಳಲ್ಲ, ಕೇಳುಸ್ಕೋ — ಬಸ್‌ಸ್ಟ್ಯಾಂಡಿನ ಹಣ್ಣಿನಂಗಡಿ ಪಕ್ಕ ನಿಂತು, ಜನ ನೋಡಿದರೆ ನೋಡಲಿ ಅಂತ, ಮೊದಲ ಸಾಲು ಎತ್ತಿ ನಿಲ್ಲಿಸಿದಳು, ಅಜ್ಜಿ ಹಿಡಿಯಲಿ ಅಂತ, ಆ ಕಡೆಯಿಂದ ಕೋಳಿಯ ಸದ್ದು, ಎರಡನೇ ಸಾಲು ಎತ್ತಿದಳು, ನಿಲ್ಲಿಸಿದಳು, ಕೋಳಿ, ಅಜ್ಜಿಯ ಉಸಿರು, ಆಮೇಲೆ ರಂಗಕ್ಕ ಬಲು ಮರ್ಯಾದೆಯಿಂದ, ಪಸಂದಾಗೈತೆ ಕಣಮ್ಮ, ಪ್ಯಾಟೆಯೋರ ಪದ ಅಲ್ವಾ, ನಂಗೆ ಬರಲ್ಲ, ನೀನೇ ಏಳು. ನಿಂದೇ ಅಜ್ಜಿ ಅದು, ನಿಂದೇ ಪದ, ಅನ್ನುವ ಬದಲು, ಬಸ್ ಬಂತು ಅಂತ ಸುಳ್ಳು ಹೇಳಿ ಇಟ್ಟುಬಿಟ್ಟಳು — ಈಗ ಕಿಟಕಿಗೆ ಹಣೆ ಒತ್ತಿ, ತುಟಿಯೊಳಗೇ, ಹಳೆಯದನ್ನು ಹಳೆಯ ಹಾಗೇ ಹೇಳಿ ನೋಡುತ್ತಾಳೆ, ನಾಲಗೆ ಮೇಡಂ ಹೇಳಿಕೊಟ್ಟ ಕಡೆಗೇ ಹೊರಳುತ್ತದೆ, ಮತ್ತೆ ಹೇಳುತ್ತಾಳೆ, ಮತ್ತೆ ಹೊರಳುತ್ತದೆ, ಬಸ್ಸು ಹೊರಟಿತು, ಕಣ್ಣ ಮುಂದೆ ರಂಗಕ್ಕನ ಕೈ ನಿಂತಿದೆ, ಬಾಯಿ ಅರೆ ತೆರೆದಿದೆ, ತನಗೆ ಗೊತ್ತಿರುವ ಸಾಲು ಬರಲೆಂದು ಕಾಯುತ್ತಾ, ಅರೆ ತೆರೆದ ಬಾಯಿ,