ಪೆಟ್ರೋಲ್ ಮುಚ್ಚಳದ ತೂತು

ಆ ಬೀದಿಯಲ್ಲಿ ಪ್ಲಂಬರನಿಗೆ ವಾಷರ್ ಅಂತಲೇ ಹೆಸರು. ಅವನ ಅಂಗಿ ಜೇಬಿಗೆ ಕೈ ಹಾಕಿದರೆ ಚಿಲ್ಲರೆ ಸಿಗದಿದ್ದರೂ ವಾಷರ್ ಸಿಗುತ್ತಿತ್ತು. ಸೋರಿಕೆ ಎಂದರೆ ಅವನ ಪಾಲಿಗೆ ಯಾರೋ ಮುಖದ ಮೇಲೆ ಬೈದ ಹಾಗೆ. ನೆಂಟರ ಮನೆಗೆ ಹೋದರೂ ಕುಶಲ ಕೇಳುವ ಮೊದಲು ಬಚ್ಚಲಿಗೆ ಹೋಗಿ ನಲ್ಲಿ ಬಿಗಿ ಮಾಡಿ ಬರುತ್ತಿದ್ದ. ಅವನು ಹೊರಟ ಮೇಲೆ ಮನೆಯವರು ಇಬ್ಬಿಬ್ಬರು ಸೇರಿ ಆ ನಲ್ಲಿ ತಿರುಗಿಸಬೇಕಾಗುತ್ತಿತ್ತು.

ಹೆಂಡತಿ ದರ್ಜಿ. ಆಸ್ಪತ್ರೆಗೆ, ಹೋಟೆಲುಗಳಿಗೆ ಸಮವಸ್ತ್ರ ಹೊಲಿಯುತ್ತಿದ್ದಳು. ಗಂಟುಗಳನ್ನು ತಾನೇ ಸಾಗಿಸಬೇಕೆಂದು ಹೊಲಿಗೆಯ ದುಡ್ಡಿನಲ್ಲಿ ಒಂದು ಹಳೆಯ ಕಾರು ಕೊಂಡಿದ್ದಳು. ಕಾರಿಗೆ ವಯಸ್ಸಾಗಿತ್ತು, ಆದರೆ ಅವಳ ಗಂಡನಿಗಿಂತ ಸದ್ದು ಕಡಿಮೆ. ಇಲ್ಲದಿದ್ದುದು ಲೈಸೆನ್ಸು ಮಾತ್ರ. ಎರಡು ಸಲ ಪರೀಕ್ಷೆಗೆ ಹೋಗಿದ್ದಳು. ಎರಡು ಸಲವೂ ಮೈದಾನದ ದಿಬ್ಬದ ಮೇಲೆ ಕಾರು ಕೆಮ್ಮಿ ನಿಂತುಬಿಟ್ಟಿತ್ತು.

ಇದರಿಂದ ತುಂಬಾ ನೊಂದವನ ಹಾಗೆ ಓಡಾಡುತ್ತಿದ್ದವನು ಮೈದುನ. ಅವನ ಹತ್ತಿರ ಲೈಸೆನ್ಸಿತ್ತು, ಕಾರಿರಲಿಲ್ಲ. ಅತ್ತಿಗೆಯ ಗಂಟುಗಳನ್ನು ತಲುಪಿಸುವ ನೆಪದಲ್ಲಿ ಆ ಕಾರಿನಲ್ಲಿ ಊರೆಲ್ಲ ಸುತ್ತುತ್ತಿದ್ದ. ವಾಪಸು ತಂದಾಗ ಟ್ಯಾಂಕಿನ ತಳದಲ್ಲಿ ನಾಲಿಗೆ ನೆನೆಯುವಷ್ಟು ಪೆಟ್ರೋಲು ಇರುತ್ತಿತ್ತು.

"ಕೆಲವರಿಗೆ ಕಾಲು ಹೊಲಿಗೆ ಮೆಷಿನ್‌ಗೇ ಹೊಂದ್ಕೊಂಡಿರುತ್ತೆ ಅತ್ತಿಗೆ," ಎಂದ ಒಂದು ದಿನ. "ಕ್ಲಚ್ ಅಂದ್ರೆ ಬೇರೆ. ಈ ಸಲಾನೂ ಆಗ್ದಿದ್ರೆ ಗಾಡಿ ನಂಗೇ ಕೊಟ್ಬಿಡಿ. ನೀವು ಕೊಟ್ಟಷ್ಟೇ ಕೊಡ್ತೀನಿ."

"ಆಗ್ಲಿ," ಅಂದಳು ಅವಳು, ದಾರ ಕಚ್ಚಿ ಕತ್ತರಿಸುತ್ತ. "ಪಾಸಾದ್ರೆ?"

"ಪಾಸಾದ್ರೆ..." ಮೈದುನ ಆ ಕಡೆ ಯೋಚಿಸಿಯೇ ಇರಲಿಲ್ಲ.

"ಈ ವರ್ಷವೆಲ್ಲ ನನ್ನ ಗಂಟು ಹೊತ್ತು ಹಾಕ್ಬೇಕು. ಡ್ರೈವರಾಗಿ ಅಲ್ಲ. ಹಮಾಲಿಯಾಗಿ."

ವಾಷರ್ ಇಬ್ಬರ ಮುಖವನ್ನೂ ನೋಡಿ, ಇಂಥ ವಿಷಯದಲ್ಲಿ ಬಾಯಿ ಹಾಕದವನೇ ಜಾಣ ಎಂದುಕೊಂಡು, ಸೋರದಿದ್ದ ಅಡುಗೆಮನೆ ನಲ್ಲಿಯನ್ನು ಇನ್ನೊಂದು ಸುತ್ತು ಬಿಗಿ ಮಾಡಿದ.

ಅವಳಿಗೆ ತನ್ನ ಕಾಲಿನ ಮೇಲೆ ಅನುಮಾನವಿರಲಿಲ್ಲ. ದಿನಾ ಬೆಳಿಗ್ಗೆ ಮನೆ ಹಿಂದಿನ ಏರುದಾರಿಯಲ್ಲಿ ಅಭ್ಯಾಸ ಮಾಡುವಾಗ ಕಾರು ಒಮ್ಮೆಯೂ ನಿಂತದ್ದಿಲ್ಲ. ಪರೀಕ್ಷೆಯ ದಿನ ಮಾತ್ರ ನಿಲ್ಲುತ್ತಿತ್ತು. "ಹೆದರಿಕೆ," ಎಂದು ಎಲ್ಲರೂ ಹೇಳಿದರು. ತಾನು ಹೆದರಿದ್ದು ಯಾವಾಗ ಎಂದು ನೆನಪಿಸಿಕೊಳ್ಳಲು ಅವಳು ಪ್ರಾಮಾಣಿಕವಾಗಿಯೇ ಪ್ರಯತ್ನಿಸಿ ಕೈಬಿಟ್ಟಿದ್ದಳು.

ಇದಕ್ಕೆಲ್ಲ ಮೂಲ ಬೇರೆ ಕಡೆ ಇತ್ತು. ಕಾರು ಕೊಂಡ ಹೊಸತರಲ್ಲಿ ಹಿಂದಿನ ಸೀಟಿಗೆ ಪೆಟ್ರೋಲಿನ ವಾಸನೆ ಬರುತ್ತಿತ್ತು. ವಾಷರ್ ಪೆಟ್ರೋಲ್ ಮುಚ್ಚಳ ಬಿಚ್ಚಿ ನೋಡಿದ. ಒಳಗಿನ ರಬ್ಬರ್ ಉಂಗುರ ಒಣಗಿ ಸೀಳಿಹೋಗಿತ್ತು. ಅದನ್ನು ಕಿತ್ತು, ಅಂಚು ಒರೆಸಿ, ಹೊಸ ಉಂಗುರ ಕೂರಿಸಿದ. ವಾಸನೆ ನಿಂತಿತು. ಅಷ್ಟಕ್ಕೇ ಬಿಟ್ಟಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಮುಚ್ಚಳದ ನಡುವೆ ಅವನಿಗೆ ಒಂದು ಸಣ್ಣ ತೂತು ಕಂಡಿತು.

"ನೋಡಿದ್ಯಾ?" ಎಂದು ಹೆಂಡತಿಯನ್ನು ಕರೆದು ತೋರಿಸಿದ್ದ. "ಕಾರು ಮಾಡೋರೇ ತೂತು ಬಿಟ್ಟು ಕಳ್ಸಿದಾರೆ! ಯಾವನೋ ಕೆಲ್ಸ ಬಾರದೋನು." ಪೈಪಿಗೆ ಹಚ್ಚುವ ಅಂಟನ್ನು ಅದರೊಳಕ್ಕೆ ಒತ್ತಿ, ಮೇಲೆ ಬೆರಳಾಡಿಸಿ ನುಣುಪು ಮಾಡಿ, ಅಂದು ಎರಡು ತುತ್ತು ಹೆಚ್ಚೇ ಉಂಡಿದ್ದ.

ಮೂರನೆಯ ಪರೀಕ್ಷೆಯ ದಿನ ಬಂತು. ಬೆಳಿಗ್ಗೆ ಅವಳು ಆಸ್ಪತ್ರೆಯ ಗಂಟುಗಳನ್ನು ಡಿಕ್ಕಿಯಲ್ಲೂ ಹಿಂದಿನ ಸೀಟಿನ ಅರ್ಧದಲ್ಲೂ ತುಂಬಿಸಿದಳು.

"ಇವ್ಯಾಕೆ ಈಗ?" ಎಂದ ವಾಷರ್.

"ಆಸ್ಪತ್ರೆ ಆ ಕಡೇನೇ ಅಲ್ವಾ? ಪಾಸಾದ್ಮೇಲೆ ಗಂಟಿಗೋಸ್ಕರ ಮತ್ತೆ ಮನೆಗೆ ಬರ್ಬೇಕಾ?"

ಮೈದುನ ನಕ್ಕು ಅವಳ ಪಕ್ಕದಲ್ಲಿ ಕೂತ. ಲೈಸೆನ್ಸ್ ಇದ್ದವನು ಅವನೊಬ್ಬನೇ. ವಾಷರ್ ಗಂಟುಗಳ ನಡುವೆ ತಾನೂ ಒಂದು ಗಂಟಾಗಿ ಕೂತ. ಹಿಂದಿನ ಎರಡು ಸಲದಂತೆ ಈ ಸಲವೂ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಲು ಹೇಳಿ ಟ್ಯಾಂಕು ತುಂಬಿ ತುಳುಕುವಂತೆ ಹಾಕಿಸಿದ. ಪರೀಕ್ಷೆಯ ದಿನ ಪೆಟ್ರೋಲ್ ಮುಗಿದು ನಿಂತರೆ ಮರ್ಯಾದೆ ಏನಾಗಬೇಕು ಎಂಬುದು ಅವನ ವಾದ. ಮುಚ್ಚಳವನ್ನು ತಾನೇ ತಿರುಗಿಸಿದ. ಕಟಕ್ ಅಂತ ಸದ್ದು ಬಂದ ಮೇಲೂ ಇನ್ನಷ್ಟು ತಿರುಗಿಸಿದ.

ಮೈದಾನದ ಗೇಟಿನ ಹೊರಗೆ ಕಾರುಗಳ ಸಾಲಿತ್ತು. ಅವಳ ಮುಂದೆ ಇನ್ನೂ ಎರಡು ಕಾರು. ಎಂಜಿನ್ ಗುರುಗುಟ್ಟುತ್ತಿದ್ದದ್ದು ಒಮ್ಮೆ ಬಿಕ್ಕಳಿಸಿತು, ಇನ್ನೊಮ್ಮೆ ಬಿಕ್ಕಳಿಸಿತು, ತಣ್ಣಗಾಯಿತು.

"ಇನ್ನೂ ಗೇಟೇ ದಾಟಿಲ್ಲ!" ಮೈದುನನ ದನಿಯಲ್ಲಿ ಮರುಕವೂ ಕಾರಿನ ಆಸೆಯೂ ಸೇರಿಕೊಂಡಿದ್ದವು. "ಇಳೀರಿ ಅತ್ತಿಗೆ. ನಾನೇ ತಿರುಗಿಸ್ಕೊಂಡು ಮನೆಗೆ ಹೊಡೀತೀನಿ."

"ನನ್ನ ಕಾಲು ಕ್ಲಚ್ ಮೇಲೇ ಇರ್ಲಿಲ್ಲ ಕಣಯ್ಯ. ನೋಡು, ಎರಡೂ ಕಾಲು ಇಲ್ಲಿವೆ. ಬೇಕಿದ್ರೆ ಎಣಿಸ್ಕೋ."

ಮೈದುನ ನಿಜವಾಗಿಯೂ ಬಗ್ಗಿ ನೋಡಿದ.

ಹಿಂದಿನ ಕಾರಿನವರು ಹಾರ್ನ್ ಒತ್ತತೊಡಗಿದರು. ವಾಷರ್ ಇಳಿದು, "ಪೆಟ್ರೋಲ್ ಅಂತೂ ಇದೆಯಪ್ಪ, ಬೇಕಾದ್ರೆ ನೋಡಿ," ಎಂದು ಮುಚ್ಚಳ ತಿರುಗಿಸಿದ. *ಸುಸ್ಸ್* ಎಂದು ಉದ್ದನೆಯ ಸದ್ದು ಬಂತು.

"ಕೇಳಿಸ್ತಾ?" ಎಂದ ವಾಷರ್, ಎದೆಯುಬ್ಬಿಸಿ. "ಎಷ್ಟು ಗಟ್ಟಿ ಮುಚ್ಚಿದೀನಿ ನೋಡು. ಗಾಳಿನೂ ಒಳಗೆ ನುಗ್ಗಲ್ಲ."

ಅವಳು ಕೀಲಿ ತಿರುಗಿಸಿದಳು. ಕಾರು ಏನೂ ಆಗದ ಹಾಗೆ ಶುರುವಾಯಿತು. ಅವಳು ಕೀಲಿಯ ಮೇಲಿನ ಕೈ ತೆಗೆಯದೆ ಒಂದು ಕ್ಷಣ ಕೂತಳು. ಹಿಂದಿನ ಎರಡು ಸಲವೂ ಹೀಗೇ ಆಗಿತ್ತು. ಕಾರು ನಿಂತಿತು, ಗಂಡ ಓಡಿಬಂದು ಪೆಟ್ರೋಲ್ ಇದೆಯೆಂದು ಮುಚ್ಚಳ ತೆಗೆದು ತೋರಿಸಿದ, ಕಾರು ಹೊರಟಿತು.

"ರೀ, ಒಂದು ಮಾತು. ಮನೆ ಮೇಲಿನ ನೀರಿನ ಟ್ಯಾಂಕಿಗೆ ಗಾಳಿ ಪೈಪ್ ಯಾಕೆ ಇಡ್ತೀರಿ?"

"ಇದೇನೇ ಈಗ, ಇಲ್ಲಿ?"

"ಹೇಳಿ."

"ಇಡದಿದ್ರೆ ನೀರು ಇಳಿಯಲ್ಲ. ನೀರು ಕೆಳಗೆ ಹೋದ ಹಾಗೆ ಮೇಲಿಂದ ಗಾಳಿ ಬರ್ಬೇಕಲ್ವಾ? ಎಲ್ಲಾ ಕಡೆ ಮುಚ್ಚಿಬಿಟ್ರೆ ಒಳಗೆ ಹಿಡ್ಕೊಂಡ್ಬಿಡುತ್ತೆ. ಮನೆ ಕಟ್ಟೋರಿಗೆಲ್ಲ ನಾನು ಬಡ್ಕೋತೀನಿ, ತೂತು ಮುಚ್ಬೇಡಿ, ತೂತು ಮುಚ್..."

ಅವನ ಕಣ್ಣು ನಿಧಾನವಾಗಿ ಕೈಯಲ್ಲಿದ್ದ ಮುಚ್ಚಳಕ್ಕೆ ಇಳಿಯಿತು. ಅಲ್ಲಿ ಅಂಟು ಒಣಗಿ, ನುಣುಪಾಗಿ, ಕೆಲಸಗಾರನ ಕೈಚಳಕಕ್ಕೆ ಸಾಕ್ಷಿಯಾಗಿ ಕೂತಿತ್ತು.

"ಏನಣ್ಣ, ಏನಾಯ್ತು?" ಎಂದ ಮೈದುನ.

"ನಿಮ್ಮಣ್ಣ ಕಾರಿನ ಮೂಗು ಮುಚ್ಚಿ ಓಡ್ಸು ಅಂದಿದಾರೆ," ಎಂದಳು ಅವಳು. ಅವಳ ಕಾಲರಿನಲ್ಲಿ ಸದಾ ಒಂದೆರಡು ಸೂಜಿ ಚುಚ್ಚಿರುತ್ತಿದ್ದವು. ದಪ್ಪನೆಯದನ್ನು ತೆಗೆದು ಕಿಟಕಿಯಿಂದ ಚಾಚಿದಳು. "ತಗೊಳ್ಳಿ. ಉಂಗುರ ಮುಟ್ಬೇಡಿ, ಅದು ಸರಿಯಾಗೇ ಹಾಕಿದೀರಿ. ತೂತು ಮಾತ್ರ."

ಒಣಗಿದ ಅಂಟು ಚೂರುಚೂರಾಗಿ ಹೊರಬಂತು. ವಾಷರ್ ಮುಚ್ಚಳವನ್ನು ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ತೂತಿನೊಳಗಿಂದ ಆಚೆಗೆ ನೋಡಿದ. ಅಷ್ಟರಲ್ಲಿ ಅವನ ದನಿ ವಾಪಸು ಬಂದಿತ್ತು.

"ಟ್ಯಾಂಕ್ ತುಂಬಿದ್ರೆ ಒಳಗೆ ಗಾಳೀನೇ ಇರಲ್ಲ," ಎಂದು ತಮ್ಮನಿಗೆ ವಿವರಿಸತೊಡಗಿದ, ಇದನ್ನು ತಾನೇ ಕಂಡುಹಿಡಿದವನಂತೆ. "ಅದಕ್ಕೇ ಪರೀಕ್ಷೆ ದಿನ ಬೇಗ ಉಸಿರು ಕಟ್ಟುತ್ತೆ. ಖಾಲಿ ಇದ್ರೆ ಒಳಗಿರೋ ಗಾಳೀಲೇ ಸುಮಾರು ಹೊತ್ತು ತಳ್ಳುತ್ತೆ. ದಿನಾ ನೀನು ಖಾಲಿ ಮಾಡಿ ತರ್ತಿದ್ಯಲ್ಲ, ಅದಕ್ಕೇ ಅವಳ ಅಭ್ಯಾಸ ಸಲೀಸಾಗಿ ನಡೀತಿತ್ತು ನೋಡು!"

ತಾನು ಇಷ್ಟು ದಿನ ಅತ್ತಿಗೆಗೆ ಉಪಕಾರ ಮಾಡುತ್ತಿದ್ದೆ ಎಂಬುದು ಮೈದುನನಿಗೆ ಅಷ್ಟೇನೂ ಹಿಡಿಸಲಿಲ್ಲ.

ಗಂಡಸರಿಬ್ಬರೂ ಬೇಲಿಯ ಹೊರಗೆ ಉಳಿದರು. ಪರೀಕ್ಷಕ ಬಂದು ಅವಳ ಪಕ್ಕದಲ್ಲಿ ಕೂತ. ಹಿಂದಿನ ಸೀಟಿನ ಗಂಟುಗಳನ್ನು ನೋಡಿ ಹುಬ್ಬೇರಿಸಿದ.

"ಎರಡು ಸಲಾನೂ ದಿಬ್ಬದ ಮೇಲೇ ನಿಂತ್ರಲ್ಲಮ್ಮ?"

"ಕಾರು ನಿಂತಿತ್ತು ಸಾರ್. ನಾನಲ್ಲ."

ದಿಬ್ಬದ ಅರ್ಧಕ್ಕೆ ನಿಲ್ಲಿಸಲು ಹೇಳಿದ. ನಿಲ್ಲಿಸಿದಳು. ಬೇಕೆಂತಲೇ ಇರಬೇಕು, ಬಹಳ ಹೊತ್ತು ಕಾಯಿಸಿದ. ಎಂಜಿನ್ ಒಂದೇ ಸಮ ಗುರುಗುಟ್ಟುತ್ತಿತ್ತು. ಬೇಲಿಯ ಹೊರಗೆ ವಾಷರ್ ಮಾತ್ರ ಉಸಿರು ಬಿಗಿಹಿಡಿದಿದ್ದ. "ಹೊರಡಿ," ಎಂದಾಗ ಕಾರು ಒಂದಂಗುಲವೂ ಹಿಂದಕ್ಕೆ ಜಾರದೆ, ನೇರ ಹೊಲಿಗೆ ಹಾಕಿದಂತೆ ದಿಬ್ಬ ಹತ್ತಿ ಇಳಿಯಿತು. ಪರೀಕ್ಷಕ ರುಜು ಹಾಕುವಾಗ, "ಈ ಸಲ ಏನು ಅಭ್ಯಾಸ ಮಾಡಿದ್ರಿ?" ಎಂದು ಕೇಳಿದ.

"ಸೂಜಿ ಕೆಲ್ಸ ಸಾರ್," ಎಂದಳು.

ಆಸ್ಪತ್ರೆಯ ಅಂಗಳದಲ್ಲಿ ಮೈದುನ ಅಭ್ಯಾಸಬಲದಿಂದ ಕಾರಿನ ಕೀಲಿಗೆ ಕೈ ಚಾಚಿದ. ಅವಳು ಆ ಕೈಯ ಮೇಲೆ ಒಂದು ಗಂಟಿಟ್ಟಳು. ಅದರ ಮೇಲೆ ಇನ್ನೊಂದು. "ಮೂರನೇ ಮಹಡಿ. ಲಿಫ್ಟ್ ರೋಗಿಗಳಿಗೆ ಮಾತ್ರ ಅಂತೆ."

ಅವನು ಮೆಟ್ಟಿಲು ಹತ್ತುವವರೆಗೆ ನೋಡಿ, ಸ್ಟೀರಿಂಗಿನ ಹಿಂದೆ ಹಾಯಾಗಿ ಒರಗಿ ಕೂತಳು. ಹಿಂದುಗಡೆ ವಾಷರ್ ಪೆಟ್ರೋಲ್ ಮುಚ್ಚಳ ಬಿಚ್ಚಿ, ರಬ್ಬರ್ ಉಂಗುರದ ಧೂಳನ್ನು ಒಣಬಟ್ಟೆಯಿಂದ ಒರೆಸುತ್ತಿದ್ದ. ಒರೆಸಿಯಾದ ಮೇಲೆ ಮುಚ್ಚಳವನ್ನು ತಿರುಗಿಸಿ ತೂತು ನೋಡಿದ. ಮತ್ತೊಮ್ಮೆ ನೋಡಿದ. ಕೈ ತಾನಾಗಿಯೇ ಜೇಬಿನ ಕಡೆ ಹೊರಟಿತು.

"ರೀ," ಎಂದಳು ಅವಳು ಕನ್ನಡಿಯಲ್ಲೇ ನೋಡುತ್ತ.

ವಾಷರ್ ಜೇಬಿನಿಂದ ಕರವಸ್ತ್ರ ತೆಗೆದು, ಬೆವರದಿದ್ದ ಮುಖವನ್ನು ಚೆನ್ನಾಗಿ ಒರೆಸಿಕೊಂಡ. ಮುಚ್ಚಳವನ್ನು ಕಟಕ್ ಅನ್ನುವವರೆಗೆ ತಿರುಗಿಸಿ, ಅಲ್ಲಿಗೇ ಬಿಟ್ಟ.