ಹನಿ ನೀರೂ ಇಲ್ಲ

ವಾರ್ಡಿನ ಹಿರಿಯ ನರ್ಸ್ ಆ ದಿನ ರಜೆಯಲ್ಲಿದ್ದಳು. ರಜೆ ಎಂಬುದು ಹೆಸರಿಗೆ ಮಾತ್ರ. ಮಗಳ ಟಾನ್ಸಿಲ್ ಆಪರೇಷನ್ನಿಗೆಂದು ತನ್ನದೇ ವಾರ್ಡಿನಲ್ಲಿ ಬಂದು ಕುಳಿತಿದ್ದಳು. ಕುಳಿತಲ್ಲಿಂದಲೇ ಅವರಿವರ ಚಾದರ ಸರಿಮಾಡಿಸಿ, ಸಲೈನ್ ಬಾಟಲಿ ಬದಲಿಸಲು ಹೇಳಿ, ಡ್ಯೂಟಿಯಲ್ಲಿದ್ದ ಕಿರಿಯ ನರ್ಸ್‌ಗೆ ಸಾಕುಸಾಕು ಮಾಡಿಬಿಟ್ಟಿದ್ದಳು.

ಬೆಳಿಗ್ಗೆ ಮೊದಲು ಆಗಬೇಕಿದ್ದ ಆಪರೇಷನ್, ತುರ್ತು ಕೇಸೊಂದು ಬಂದು ಮಧ್ಯಾಹ್ನಕ್ಕೆ ಜಾರಿತು. ಹಿಂದಿನ ರಾತ್ರಿಯಿಂದ ಮಗುವಿನ ಬಾಯಿಗೆ ಏನೂ ಬಿದ್ದಿರಲಿಲ್ಲ. ತುಟಿ ಒಣಗಿ ಸಿಪ್ಪೆ ಎದ್ದಿತ್ತು. ಸೂಜಿ ಚುಚ್ಚಲು ಬಂದ ಕಿರಿಯಳಿಗೆ ನರ ಸಿಗಲಿಲ್ಲ. ಮೈಯಲ್ಲಿ ನೀರಿಲ್ಲದಿದ್ದರೆ ನರ ಬತ್ತಿ ಅಡಗಿಕೊಳ್ಳುತ್ತದೆ. ಎರಡು ಕಡೆ ಚುಚ್ಚಿಸಿಕೊಂಡ ಮಗಳು ಇನ್ನು ಆಪರೇಷನ್ನೇ ಬೇಡ, ಮನೆಗೆ ಹೋಗೋಣ ಎಂದು ಕೈಯನ್ನು ಹೊದಿಕೆಯೊಳಗೆ ಬಚ್ಚಿಟ್ಟುಕೊಂಡಳು. ತಾಯಿ ಒದ್ದೆ ಹತ್ತಿಯಿಂದ ತುಟಿ ಒರೆಸಿದಳು.

"ನೀರು ಯಾಕಮ್ಮ ಕೊಡಲ್ಲ?"

"ಮಂಪರಲ್ಲಿ ಹೊಟ್ಟೇಲಿರೋದು ಮೇಲೆ ಬಂದು ಉಸಿರಿನ ಕೊಳವೆಗೆ ಇಳಿಯುತ್ತೆ, ಚಿನ್ನ."

"ರಾತ್ರಿ ಕುಡಿದ ನೀರು ಇನ್ನೂ ಹೊಟ್ಟೇಲೇ ಇದ್ಯಾ? ಮತ್ತೆ ಬೆಳಿಗ್ಗೆ ನಾನು ಸೂಸು ಮಾಡಿದ್ದೇನು?"

ಎದುರು ಹಾಸಿಗೆಯಲ್ಲಿ ಹರ್ನಿಯಾ ಆಪರೇಷನ್ನಿಗೆ ಕಾಯುತ್ತಿದ್ದ ಬಡಗಿ ಕಿಸಕ್ಕೆಂದ. ಸಾಕ್ಷ್ಯ ನೋಡಿ ಚಿಕಿತ್ಸೆ ಮಾಡಬೇಕು, ಮೊದಲು ಸರಿಯಾದ ಪ್ರಶ್ನೆ ಕೇಳಬೇಕು ಎಂದು ತರಬೇತಿಯೊಂದರಲ್ಲಿ ಹೇಳಿದ್ದರು. ತಾಯಿಯ ನೆನಪಿನಲ್ಲಿ ಉಳಿದದ್ದು ಅಲ್ಲಿ ಕೊಟ್ಟ ಬಿಸ್ಕತ್ತು ಮಾತ್ರ.

ರಾತ್ರಿಯಿಂದ ನೀರೂ ಕೊಡಬಾರದೆಂಬ ನಿಯಮದ ಬೇರು ಹುಡುಕಿಕೊಂಡು ಹೊರಟಳು. ಕಿರಿಯಳನ್ನು ಕೇಳಿದರೆ, ನೀವೇ ಹೇಳಿಕೊಟ್ಟಿದ್ದಲ್ವಾ ಅಕ್ಕ ಎಂದಳು. ಆಪರೇಷನ್ ಕೋಣೆಯವರು, ಅದು ನಿಮ್ಮ ವಾರ್ಡಿನ ಪದ್ಧತಿ, ನಮಗೇನು ಗೊತ್ತು ಎಂದರು. ಕೊನೆಗೆ ನಿವೃತ್ತ ಮೇಟ್ರನ್‌ಗೆ ಫೋನು ಹಚ್ಚಿದಳು. ಆಕೆ ಮನಸಾರೆ ನಕ್ಕಳು.

"ಬೆಳಿಗ್ಗೆ ಎಲ್ಲರಿಗೂ ಚಹಾ ಹಂಚಿಬಿಡ್ತಿದ್ರು ಕಣೇ, ಆಪರೇಷನ್ ಇದ್ದೋರಿಗೂ. ಹಾಲು ಹಾಕಿದ ಚಹಾ. ಅದಕ್ಕೇ ರಾತ್ರಿಯಿಂದ ಚಹಾ ಕೊಡಬೇಡ ಅಂದಿದ್ದೆ. ನೀರನ್ನ ಸೇರಿಸಿದ್ದು ನೀನು. ಹೆದರುಪುಕ್ಕಲಿ."

ಅಪ್ಪ ನೆಟ್ಟ ಆಲದಮರವೆಂದು ಅದಕ್ಕೇ ನೇಣು ಹಾಕಿಕೊಳ್ಳುವವರನ್ನು ಅವಳು ಬೇಕಾದಷ್ಟು ಆಡಿಕೊಂಡಿದ್ದಳು. ಇಲ್ಲಿ ಮರ ನೆಟ್ಟವಳೂ ಅವಳೇ, ನೀರೆರೆದವಳೂ ಅವಳೇ. ಮಗಳಿಗೆ ಮಾತ್ರ ನೀರೆರೆಯಲಿಲ್ಲ.

ಅರಿವಳಿಕೆ ಡಾಕ್ಟರು ಕಾರಿಡಾರಿನಲ್ಲಿ ಸಿಕ್ಕರು. ಅವಳು ತಲೆ ತಗ್ಗಿಸಿಕೊಂಡೇ ಕೇಳಿದಳು. ಗಟ್ಟಿ ಆಹಾರಕ್ಕೆ ಆರು ಗಂಟೆ ಬಿಡಬೇಕು, ನೀರಿಗೆ ಎರಡು ಗಂಟೆ ಸಾಕು ಎಂದರು. ಸುಮಾರು ಜನರನ್ನು ಪರೀಕ್ಷಿಸಿ ನೋಡಿಯೇ ಗೊತ್ತಾದ ಮಾತಂತೆ, ಹೊಟ್ಟೆ ನಿಧಾನವಾಗಿ ಖಾಲಿಯಾಗುವವರ ಲೆಕ್ಕ ಮಾತ್ರ ಬೇರೆ.

"ತರಬೇತೀಲಿ ಇದನ್ನೇ ಉದಾಹರಣೆ ಕೊಟ್ಟಿದ್ದೆ ಸಿಸ್ಟರ್. ನೀವು ಮುಂದಿನ ಸಾಲಲ್ಲಿ ಕೂತು ತಲೆ ಆಡಿಸ್ತಿದ್ರಿ."

ಅದು ತೂಕಡಿಕೆ ಎಂದು ಹೇಳುವ ಧೈರ್ಯ ಅವಳಿಗಾಗಲಿಲ್ಲ. ಮಗಳಿಗೆ ಇನ್ನೂ ಸಮಯವಿದೆ, ಈಗಲೇ ಕುಡಿಸಿ ಎಂದರು. ಅವಳು ಎರಡು ಹೆಜ್ಜೆ ಓಡಿ, ಮತ್ತೆ ತಿರುಗಿ ಬಂದು ಬಡಗಿಯ ಬಗ್ಗೆಯೂ ಕೇಳಿದಳು. ಡಾಕ್ಟರು ಅವನ ಚೀಟಿ ನೋಡಿ, ಅವನಿಗೂ ಕೊಡಬಹುದು ಎಂದರು.

ಮಗಳ ಮುಂದೆ ಲೋಟ ಹಿಡಿದರೆ ಅವಳು ಮುಖ ತಿರುಗಿಸಿದಳು. ನೀರು ಬೇಡ, ಸೇಬಿನ ರಸ ಬೇಕು. ರೋಗಿಯ ಇಷ್ಟವನ್ನೂ ಕೇಳಬೇಕೆಂಬುದು ಅದೇ ತರಬೇತಿಯ ಪಾಠ. ತಿಳಿ ರಸವಾದರೆ ಆಗಬಹುದೆಂದು ಡಾಕ್ಟರನ್ನು ಕೇಳಿಕೊಂಡು ತಂದುಕೊಟ್ಟಳು. ಮಗು ಕಣ್ಣುಮುಚ್ಚಿ ಗಟಗಟ ಕುಡಿಯಿತು. ಸ್ವಲ್ಪ ಹೊತ್ತಿಗೆ ಹೊದಿಕೆಯಿಂದ ಕೈ ತಾನಾಗಿ ಹೊರಬಂತು. ಕಿರಿಯಳಿಗೆ ಈ ಸಲ ನರ ಒಂದೇ ಚುಚ್ಚಿಗೆ ಸಿಕ್ಕಿತು.

ಅವಳು ಬಡಗಿಯ ಹಾಸಿಗೆಗೆ ನೀರು ಒಯ್ದಳು. ಅವನು ಲೋಟವನ್ನೂ ಅವಳನ್ನೂ ನೋಡಿದ.

"ಮಗಳ ತುಟಿ ಒಣಗಿದ್ಮೇಲೆ ನಿಯಮ ಬದಲಾಯ್ತಾ, ಸಿಸ್ಟರಮ್ಮ?"

ಹಳೇ ಅಭ್ಯಾಸದಂತೆ ಬಾಯಿಗೆ ಬಂದ ಗದರಿಕೆಯನ್ನು ಅವಳು ನುಂಗಿಕೊಂಡಳು.

"ಹೌದಪ್ಪ. ನಿನ್ನ ತುಟಿ ನೋಡಿದಾಗಲೇ ಬದಲಾಗಬೇಕಿತ್ತು. ಕುಡಿ."

ಅವನು ಕುಡಿದು, ಖಾಲಿ ಲೋಟವನ್ನು ಅವಳತ್ತ ಚಾಚಿ, ಇನ್ನೊಂದು ಸಿಗುತ್ತಾ ಎಂದು ಕೇಳಿದ.